ಪಿಯುಸಿಗೆ ಊರಿಗೆ ಕಳಿಸುವ ಮುನ್ನ

ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ಮುಂಬಯಿಯಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ. ಮಕ್ಕಳನ್ನು ಇಲ್ಲೇ ಜೂನಿಯರ್ ಕಾಲೇಜಿಗೆ ಸೇರಿಸುವುದೋ, ಮಂಗಳೂರು, ಮೂಡುಬಿದಿರೆ ಕಡೆಯ ಹಾಸ್ಟೆಲ್ ಇರುವ ಪಿಯು ಕಾಲೇಜಿಗೆ ಕಳಿಸುವುದೋ? ಅಲ್ಲಿ ಓದು ಬಿಗಿ, ಅಜ್ಜಿಮನೆ ಹತ್ತಿರ, ಲೋಕಲ್ ಟ್ರೈನಿನ ನೂಕುನುಗ್ಗಲಿಲ್ಲ. ಎಲ್ಲವೂ ಒಪ್ಪತಕ್ಕ ಕಾರಣಗಳೇ. ಆದರೆ ಎರಡು ವರ್ಷ ಕಳೆದು ಪದವಿ ಸೀಟಿಗೆ ಅರ್ಜಿ ಹಾಕುವಾಗ, ಈ ವಿದ್ಯಾರ್ಥಿ ಯಾವ ರಾಜ್ಯದವನು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಬಹುಪಾಲು ಈಗಲೇ, ಈ ಜೂನ್‌ನಲ್ಲೇ ತೀರ್ಮಾನವಾಗಿಬಿಡುತ್ತದೆ.

ಡಾಕ್ಟರ್ ಆಗುವ ಆಸೆ ಇರುವವರಿಗೆ ಇದು ಎಲ್ಲಕ್ಕಿಂತ ಮುಖ್ಯ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದ ಶೇ. 85 ಆಯಾ ರಾಜ್ಯದವರಿಗೆ. ಮಹಾರಾಷ್ಟ್ರದ ಪಾಲಿನ ಸೀಟು ಬೇಕಾದರೆ ಸಾಮಾನ್ಯ ನಿಯಮದಂತೆ ಹತ್ತನೆಯದೂ ಹನ್ನೆರಡನೆಯದೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು, ಜೊತೆಗೆ ಡೊಮಿಸೈಲ್, ಅಂದರೆ ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರ ಬೇಕು. ಎರಡನೇ ಪಿಯು ಅಂಕಪಟ್ಟಿ ಕರ್ನಾಟಕದ್ದಾದರೆ ಈ ಬಾಗಿಲು ಮುಚ್ಚಿತು. ಕರ್ನಾಟಕದ ಬಾಗಿಲು ತೆರೆದಿದೆಯೇ ಎಂದರೆ, ಅಲ್ಲಿನ ಮುಖ್ಯ ಷರತ್ತು ಒಂದನೇ ತರಗತಿಯಿಂದ ಎರಡನೇ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದು. ಹತ್ತರವರೆಗೆ ಡೊಂಬಿವಲಿಯಲ್ಲೋ ಭಾಂಡುಪಿನಲ್ಲೋ ಕಲಿತವರಿಗೆ ಪಿಯುಸಿಯ ಎರಡು ವರ್ಷ ಈ ಲೆಕ್ಕಕ್ಕೆ ಸಾಲದು. ನೀಟ್‌ನಲ್ಲಿ ಒಳ್ಳೆಯ ಅಂಕ ತೆಗೆದೂ ಅತ್ತ ಇಲ್ಲ ಇತ್ತ ಇಲ್ಲ ಎಂಬ ಸ್ಥಿತಿ ಹೀಗೆಯೇ ಬರುತ್ತದೆ. ಮೆಡಿಕಲ್ ಗುರಿ ಇದ್ದರೆ ಹನ್ನೊಂದು, ಹನ್ನೆರಡನ್ನು ಇಲ್ಲೇ ಓದಿಸಿ ಎಂಬುದೇ ನನ್ನ ಸಲಹೆ. ಕೋಚಿಂಗ್ ಎಲ್ಲಿ ಬೇಕಾದರೂ ಸಿಕ್ಕೀತು, ಅರ್ಹತೆ ಹಾಗೆ ಸಿಗುವುದಿಲ್ಲ.

ಕರ್ನಾಟಕದ ನಿಯಮದಲ್ಲಿ ಇನ್ನೂ ಕೆಲವು ಕಲಂಗಳಿವೆ. ವಿದ್ಯಾರ್ಥಿ ಎರಡೂ ವರ್ಷದ ಪಿಯು ಅಲ್ಲೇ ಪಾಸು ಮಾಡಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಒಂದು ಕಲಂ ಅನ್ವಯಿಸುತ್ತದೆ. ಪೂರ್ತಿ ಹೊರಗೇ ಓದಿದವರಿಗೆ ಹೊರನಾಡು ಕನ್ನಡಿಗರ ಕಲಂ ಇದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳವರಿಗೆ ಗಡಿನಾಡು ಕನ್ನಡಿಗರ ಕಲಂ. ಈ ಎರಡಕ್ಕೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಮಕ್ಕಳೂ ಬರವಣಿಗೆಯಲ್ಲಿ ಎಡವುತ್ತಾರೆ. ಹನ್ನೊಂದನೆಯ ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆ ಒತ್ತಕ್ಷರ, ಕಾಗುಣಿತ ಬರೆಸಿದರೆ ಸಾಕು. ಆದರೆ ಎಲ್ಲ ಕಲಂ ಎಲ್ಲ ಕೋರ್ಸಿಗೂ ನಡೆಯುವುದಿಲ್ಲ. ಎಂಜಿನಿಯರಿಂಗಿಗೆ ನಡೆದದ್ದು ಮೆಡಿಕಲ್‌ಗೂ ನಡೆಯುತ್ತದೆ ಎಂದುಕೊಳ್ಳದೆ ಆ ವರ್ಷದ ಮಾಹಿತಿ ಪುಸ್ತಕದ ಪಟ್ಟಿ ನೋಡಿಯೇ ಮುಂದುವರಿಯಿರಿ.

ಪೋಷಕರ ಓದಿನ ಮೇಲೆ ಸೀಟು ಕೇಳುವುದಾದರೆ ವ್ಯಾಸಂಗ ಪ್ರಮಾಣಪತ್ರ ಬೇಕು. ಎಷ್ಟನೇ ತರಗತಿಯಿಂದ ಎಷ್ಟನೆಯವರೆಗೆ, ಯಾವ ವರ್ಷದಿಂದ ಯಾವ ವರ್ಷಕ್ಕೆ ಎಂದು ಬರೆದು ಮುಖ್ಯೋಪಾಧ್ಯಾಯರ ಸಹಿ, ಶಾಲೆಯ ಮೊಹರು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ನಾಲ್ಕನೆಯವರೆಗೆ ಒಂದು ಶಾಲೆ, ಆಮೇಲೆ ಇನ್ನೊಂದು ಎಂದಾದರೆ ಎರಡು ಪತ್ರ. ಊರಿನ ಶಾಲೆ ಮುಚ್ಚಿದ್ದರೆ ದಾಖಲೆ ಎಲ್ಲಿದೆ ಎಂದು ತಾಲೂಕಿನ ಅದೇ ಅಧಿಕಾರಿಯ ಕಚೇರಿಯಲ್ಲಿ ವಿಚಾರಿಸಬೇಕು. ಸಿಇಟಿ ಗಡಿಬಿಡಿಯಲ್ಲಿ ಆಗುವ ಕೆಲಸವಲ್ಲ ಇದು. ದೀಪಾವಳಿಗೆ ಊರಿಗೆ ಹೋದಾಗಲೇ ಮುಗಿಸಿಕೊಳ್ಳಿ.

ಎಂಜಿನಿಯರಿಂಗ್ ವಿಷಯದಲ್ಲಿ ಮಹಾರಾಷ್ಟ್ರ ಅಷ್ಟು ಕಟ್ಟುನಿಟ್ಟಲ್ಲ. ಪಿಯು ಹೊರಗೆ ಓದಿದ್ದರೂ ತಂದೆ ಅಥವಾ ತಾಯಿಯ ಡೊಮಿಸೈಲ್ ಮೇಲೆ ರಾಜ್ಯದ ಅಭ್ಯರ್ಥಿಯಾಗಲು ದಾರಿ ಇದೆ. ಪರೀಕ್ಷೆಯ ಸ್ವರೂಪದ ವ್ಯತ್ಯಾಸವನ್ನೂ ತೂಗಿ ನೋಡಿ. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಎಂಎಚ್‌ಟಿ-ಸಿಇಟಿಯ ಗಣಿತ ಗುಂಪಿನಲ್ಲಿ ಒಟ್ಟು 200 ಅಂಕ, ಅದರಲ್ಲಿ ಗಣಿತಕ್ಕೇ 100. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಸುಮಾರು ಶೇ. 20 ಪ್ರಶ್ನೆ ಹನ್ನೊಂದನೆಯ ಪಾಠದಿಂದ, ಉಳಿದವು ಹನ್ನೆರಡರಿಂದ. ಸೀಟಿನ ಶ್ರೇಣಿ ಸಿಇಟಿಯ ಮೇಲೆಯೇ. ಹನ್ನೆರಡನೆಯ ಅಂಕ ಸಾಮಾನ್ಯ ವರ್ಗಕ್ಕೆ ಶೇ. 45 ಇದ್ದರೆ ಅರ್ಹತೆ ಮುಗಿಯಿತು. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಶ್ರೇಣಿಗೆ ಸಿಇಟಿ ಅರ್ಧ, ಪಿಯು ಅಂಕ ಅರ್ಧ. ವರ್ಷವಿಡೀ ಕೂತು ಓದಿ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚು ತೆಗೆಯುವವರಿಗೆ ಆ ಪದ್ಧತಿ ಒಗ್ಗುತ್ತದೆ, ವೇಗವಾಗಿ ಗಣಿತ ಬಿಡಿಸುವವರಿಗೆ ಇಲ್ಲಿನದು.

ಇಲ್ಲೇ ಉಳಿದವರು ಹನ್ನೊಂದನೆಯಲ್ಲಿ ಅವಸರಪಟ್ಟು ಗಣಿತ ಬಿಡಬಾರದು. ವಿಜ್ಞಾನದಲ್ಲಿ ಬರೀ ಜೀವಶಾಸ್ತ್ರದ ಗುಂಪು ತೆಗೆದುಕೊಂಡು ನೀಟ್ ಕೈಕೊಟ್ಟರೆ ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಪೈಲಟ್ ತರಬೇತಿ ಯಾವುದೂ ಇಲ್ಲ; ಬಿ.ಫಾರ್ಮಾ ಮಾತ್ರ ಗಣಿತ, ಜೀವಶಾಸ್ತ್ರ ಎರಡರಲ್ಲಿ ಒಂದಿದ್ದರೂ ಆಗುತ್ತದೆ. ಮನಸ್ಸು ಗಟ್ಟಿಯಾಗಿಲ್ಲದಿದ್ದರೆ ಎರಡನ್ನೂ ಇಟ್ಟುಕೊಳ್ಳುವುದು ಭಾರವಾದರೂ ಕ್ಷೇಮ. ಕಾಮರ್ಸಿನಲ್ಲಿ ಗಣಿತಕ್ಕೆ ಬದಲು ಎಸ್‌ಪಿ, ಅಂದರೆ ಸೆಕ್ರೆಟೇರಿಯಲ್ ಪ್ರಾಕ್ಟೀಸ್ ತೆಗೆದುಕೊಂಡರೆ ಅಂಕ ಸುಲಭ. ಆದರೆ ಸಂಖ್ಯಾಶಾಸ್ತ್ರದ ಕಡೆ, ಗಣಿತ ಕೇಳುವ ಅರ್ಥಶಾಸ್ತ್ರದ ಕೋರ್ಸುಗಳ ಕಡೆ ಹೋಗುವಾಗ ಅದು ತಡೆಯುತ್ತದೆ. ಸಿಎಗೆ ಎಸ್‌ಪಿ ಅಡ್ಡಿಯಲ್ಲ. ಹಾಗಿದ್ದರೂ ಅದರ ಮೊದಲ ಹಂತದ ಪರೀಕ್ಷೆ ಫೌಂಡೇಶನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದೇ; ಅಲ್ಲಿ ತಪ್ಪಿಗೆ ಕಾಲು ಅಂಕ ಹೋಗುತ್ತದೆ. ಪ್ರತಿ ಪತ್ರಿಕೆಯಲ್ಲಿ ಶೇ. 40, ಒಟ್ಟಾರೆ ಶೇ. 50 ಬೇಕು. ಎರಡು ವರ್ಷ ಗಣಿತ ಮುಟ್ಟದವರು ಸಿಕ್ಕಿಬೀಳುವುದು ಇಲ್ಲೇ.

ಬಿಎಂಎಸ್, ಬಿಬಿಎ, ಬಿಸಿಎ ಕೇಳುವವರಿಗೆ ಒಂದು ಮಾತು. 2024ರಿಂದ ಇವು ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ವ್ಯಾಪ್ತಿಗೆ ಬಂದು ಮಹಾರಾಷ್ಟ್ರದಲ್ಲಿ ಸಿಇಟಿ ಬೇಕಾಗಿದೆ. ಕೆಲವು ಕಾಲೇಜುಗಳು ಇದೇ ಪಾಠಕ್ರಮವನ್ನು ಬಿ.ಕಾಂ. ಹೆಸರಿಗೆ ತಿರುಗಿಸಿ ಸಿಇಟಿ ಇಲ್ಲದೆ ನಡೆಸುತ್ತಿವೆ. ಫಾರ್ಮ್ ತುಂಬುವ ಮೊದಲು ಪದವಿ ಪ್ರಮಾಣಪತ್ರದ ಮೇಲೆ ಯಾವ ಹೆಸರು ಅಚ್ಚಾಗುತ್ತದೆ ಎಂದು ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳಿ.

ಕೈಕೆಲಸದಲ್ಲಿ ಚುರುಕಿರುವ ಮಕ್ಕಳಿಗೆ ಹತ್ತರ ನಂತರದ ಮೂರು ವರ್ಷದ ಡಿಪ್ಲೊಮಾವನ್ನು ನಮ್ಮವರು ಯಾಕೋ ಕೀಳಾಗಿ ನೋಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಮಾಟುಂಗದ ವಿಜೆಟಿಐ, ಬಾಂದ್ರಾದ ಸರ್ಕಾರಿ ಪಾಲಿಟೆಕ್ನಿಕ್, ವಿಲೇಪಾರ್ಲೆಯ ಭಾಗೂಭಾಯಿಯಂಥ ಕಡೆ ಹತ್ತನೆಯ ಅಂಕದ ಮೇಲೆಯೇ ಪ್ರವೇಶ. ಮುಗಿಸಿದ ಮೇಲೆ ಡಿಪ್ಲೊಮಾ ಅಂಕದ ಆಧಾರದಲ್ಲಿ, ಸಿಇಟಿ ಬರೆಯದೆ, ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಸೇರಬಹುದು.

ಇನ್ನು ಕಾಗದಪತ್ರ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮ ಪದ್ಧತಿ. ಹಾಗಾಗಿ ಎಷ್ಟೋ ಮಕ್ಕಳ ಜನನ ಪತ್ರ ಉಡುಪಿ, ಕುಂದಾಪುರ, ವಿಜಯಪುರದ್ದು. ಮಹಾರಾಷ್ಟ್ರದಲ್ಲಿ ಹುಟ್ಟಿದವರೆಂಬ ಆಧಾರ ಅವರಿಗೆ ಸಿಗದು, ಡೊಮಿಸೈಲ್ ಮಾಡಿಸಲೇಬೇಕು. ಅದಕ್ಕೆ 15 ವರ್ಷದ ವಾಸದ ಪುರಾವೆ ಬೇಕು: ರೇಷನ್ ಕಾರ್ಡ್, ವಿದ್ಯುತ್ ಬಿಲ್, ಶಾಲೆಯ ದಾಖಲೆ. ಜನನ ಪತ್ರದಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇದ್ದು, ಇಲ್ಲಿನ ಅಂಕಪಟ್ಟಿಯಲ್ಲಿ ಅಡ್ಡಹೆಸರು, ತಂದೆಯ ಹೆಸರು ಎಲ್ಲ ಪೂರ್ತಿ ಬಂದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಮೀಸಲಾತಿಗೆ ಊರಿನ ತಹಶೀಲ್ದಾರರು ಕೊಟ್ಟ ಜಾತಿ ಪತ್ರ ಇಲ್ಲಿ ನಡೆಯದು. ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿದ್ದು, ಕುಟುಂಬ ಒಬಿಸಿಗೆ 13 ಅಕ್ಟೋಬರ್ 1967ಕ್ಕೆ ಮೊದಲೇ, ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950ಕ್ಕೆ ಮೊದಲೇ ಇಲ್ಲಿ ನೆಲೆಸಿದ್ದಕ್ಕೆ ದಾಖಲೆ ತೋರಿಸಬೇಕು. ಅಜ್ಜ ಹೋಟೆಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಯಲ್ಲಿ ಕಲಿತಿದ್ದರೆ ಅಲ್ಲಿನ ಲೀವಿಂಗ್ ಸರ್ಟಿಫಿಕೇಟ್ ಹುಡುಕಿ. ವರ್ಷವೂ ಜಾತಿಯೂ ಒಂದೇ ಕಾಗದದಲ್ಲಿ ಸಿಗುವುದು ಅಂಥದರಲ್ಲೇ. ಆಮೇಲೆ ಜಾತಿ ಪತ್ರ ಸರಿಯಿದೆ ಎಂದು ಜಾತಿ ಪರಿಶೀಲನಾ ಸಮಿತಿ ಕೊಡುವ ವ್ಯಾಲಿಡಿಟಿ ಪತ್ರಕ್ಕೆ ಹನ್ನೊಂದನೆಯಲ್ಲೇ ಕಾಲೇಜಿನ ಮೂಲಕ ಅರ್ಜಿ ಹಾಕಿ. ಒಬಿಸಿಯವರ ನಾನ್ ಕ್ರೀಮಿಲೇಯರ್ ಪತ್ರದ (ಕುಟುಂಬ ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರ) ಅವಧಿ, ಪ್ರವೇಶದ ಶೈಕ್ಷಣಿಕ ವರ್ಷ ಮುಗಿಯುವ ಮಾರ್ಚ್ 31ರವರೆಗೆ ಇದೆಯೇ ಎಂದು ತಾರೀಖು ನೋಡಿಕೊಂಡು, ಇಲ್ಲದಿದ್ದರೆ ಏಪ್ರಿಲ್‌ನಲ್ಲೇ ಹೊಸದು ಮಾಡಿಸಿ. ಜೂನ್ ಬಂದರೆ ಇಂಥ ಪತ್ರಗಳಿಗೆ ಅರ್ಜಿ ಹಾಕುವ ಸೇತು ಕೇಂದ್ರದಲ್ಲಿ ಕಾಲಿಡಲು ಜಾಗವಿರುವುದಿಲ್ಲ.