ಗಾಳಿ ಬೇಡದ ಒಲೆ

2024ರ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಅರಿಘಾತ್ ನಮ್ಮ ನೌಕಾಪಡೆಗೆ ಸೇರಿತು. ಮರುದಿನ ಬೆಳಿಗ್ಗೆ ವಿಜಯಪುರದ ಗಾಂಧಿ ಚೌಕದ ಬಳಿ ಚಹಾ ಕುಡಿಯುತ್ತ ನಿಂತಿದ್ದೆ. ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ತಲೆ ಎತ್ತಿ ಕೇಳಿದರು: "ಮಾಸ್ತರೇ, ಇದು ಅಣು ಜಲಾಂತರ್ಗಾಮಿಯಂತೆ. ಒಳಗಿನ ಬಾಂಬು ನೀರಿನಲ್ಲೇ ಸಿಡಿದರೆ ಒಳಗಿದ್ದವರ ಗತಿ ಏನು?"

ಈ ಪ್ರಶ್ನೆ ನನಗೆ ಹೊಸದಲ್ಲ. ತರಗತಿಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಇದನ್ನೇ ಕೇಳಿದ್ದೇನೆ. ಅಣು ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಬಾಂಬಿನ ಕಡೆಗೇ ಓಡುತ್ತದೆ. ಆದರೆ ಇಲ್ಲಿ ಅಣು ಎನ್ನುವುದು ಆಯುಧದ ಹೆಸರಲ್ಲ, ಒಲೆಯ ಹೆಸರು. ಕಟ್ಟಿಗೆ ಒಲೆಯ ರೊಟ್ಟಿ ಎಂದರೆ ರೊಟ್ಟಿಯೊಳಗೆ ಕಟ್ಟಿಗೆ ಇರುವುದಿಲ್ಲವಲ್ಲ, ಹಾಗೆ. ಅಣುಶಕ್ತಿಯಿಂದ ಓಡುವ ಎಷ್ಟೋ ಜಲಾಂತರ್ಗಾಮಿಗಳಲ್ಲಿ ಒಂದೂ ಅಣ್ವಸ್ತ್ರ ಇರುವುದಿಲ್ಲ. ಅದೇ 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಗಾಲ್ಫ್ ವರ್ಗದ ಜಲಾಂತರ್ಗಾಮಿಗಳು ಡೀಸೆಲ್‌ನಿಂದ ಓಡುತ್ತಿದ್ದರೂ ಅಣ್ವಸ್ತ್ರದ ಕ್ಷಿಪಣಿಗಳನ್ನು ಹೊತ್ತಿದ್ದವು. ಒಲೆ ಬೇರೆ, ಹೊರೆ ಬೇರೆ. ಇವೆರಡನ್ನು ಬಿಡಿಸಿ ನೋಡಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಒಲೆಯ ವಿಶೇಷವೇನು? ಅದಕ್ಕೆ ಗಾಳಿ ಬೇಡ. ಇಷ್ಟೇ. ಈ ಒಂದು ಮಾತನ್ನು ನಾನು ಎಷ್ಟು ಸಲ ಯೋಚಿಸಿದರೂ ಅದರ ಬೆರಗು ಕಡಿಮೆಯಾಗುವುದಿಲ್ಲ. ಕಟ್ಟಿಗೆ, ಸೀಮೆಎಣ್ಣೆ, ಡೀಸೆಲ್, ಕಲ್ಲಿದ್ದಲು ಯಾವುದನ್ನೇ ಉರಿಸಿದರೂ ಆಮ್ಲಜನಕ ಬೇಕು. ಊದುಗೊಳವೆಯಿಂದ ಒಲೆ ಊದಿದ ಪ್ರತಿಯೊಬ್ಬ ತಾಯಿಗೂ ಇದು ಗೊತ್ತು. ಆದ್ದರಿಂದ ಡೀಸೆಲ್ ಜಲಾಂತರ್ಗಾಮಿ ನೀರಿನೊಳಗೆ ಎಂಜಿನ್ ಓಡಿಸುವಂತಿಲ್ಲ. ಮೇಲಿದ್ದಾಗ ಬ್ಯಾಟರಿ ತುಂಬಿಸಿಕೊಂಡು, ಮುಳುಗಿದಾಗ ಅದರಿಂದಲೇ ಜೀವ ಹಿಡಿಯಬೇಕು. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಸಾಗರವನ್ನು ನಡುಗಿಸಿದ ಜರ್ಮನಿಯ ಏಳನೇ ಮಾದರಿಯ ಯು-ಬೋಟ್‌ಗಳು ಪೂರ್ತಿ ಮುಳುಗಿ 4 ನಾಟ್ ವೇಗದಲ್ಲಿ ಸಾಗಿದರೆ ಸುಮಾರು 80 ನಾಟಿಕಲ್ ಮೈಲಿಗೆ ಬ್ಯಾಟರಿ ಮುಗಿಯುತ್ತಿತ್ತು. ನಡೆಯುವ ಮನುಷ್ಯನ ವೇಗಕ್ಕಿಂತ ತುಸು ಹೆಚ್ಚು, ಅದೂ ಒಂದು ದಿನದ ಮಟ್ಟಿಗೆ! ನಿಜ ಹೇಳಬೇಕೆಂದರೆ ಅವು ಜಲಾಂತರ್ಗಾಮಿಗಳೇ ಅಲ್ಲ. ಬೇಕಾದಾಗ ಮುಳುಗಬಲ್ಲ ಹಡಗುಗಳು. ನಮ್ಮ ಹುಡುಗರು ಬಾವಿಗೆ ಜಿಗಿದು ತಳದ ಮಣ್ಣು ತರುತ್ತಾರೆ, ನಿಜ. ಹಾಗೆಂದು ಅವರು ಮೀನಾಗುತ್ತಾರೆಯೇ?

ಮೊದಲ ನಿಜವಾದ ಮೀನು ಹುಟ್ಟಿದ್ದು ಮರುಭೂಮಿಯಲ್ಲಿ. ಸಮುದ್ರದಿಂದ ದೂರವಿರುವ ನಮ್ಮ ಊರಿನವರಿಗೆ ಈ ಕಥೆ ಹೇಳಲು ನನಗೆ ಬಲು ಇಷ್ಟ. ಅಮೆರಿಕದ ನೌಕಾಧಿಕಾರಿ ಹೈಮನ್ ರಿಕೋವರ್ ಇಡಾಹೊ ರಾಜ್ಯದ ಒಣ ಬಯಲಿನಲ್ಲಿ ಜಲಾಂತರ್ಗಾಮಿಯ ಒಡಲಿನ ಒಂದು ತುಂಡನ್ನು ಕಟ್ಟಿಸಿ, ಅದನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ರಿಯಾಕ್ಟರ್, ಅಂದರೆ ಅಣು ಒಲೆ, ಕೂರಿಸಿದರು. 1953ರ ಜೂನ್‌ನಲ್ಲಿ ಅದನ್ನು ಎರಡು ದಿನ ಓಡಿಸಿ ಪರೀಕ್ಷಿಸಬೇಕೆಂದಿತ್ತು. ರಿಕೋವರ್ ನಿಲ್ಲಿಸಗೊಡಲಿಲ್ಲ. ಅಟ್ಲಾಂಟಿಕ್ ನಕಾಶೆ ತರಿಸಿ, ಗಂಟೆಗಂಟೆಗೂ ಹಡಗು ಎಲ್ಲಿರಬೇಕಿತ್ತೆಂದು ಗುರುತು ಹಾಕಿಸುತ್ತ, ಕದಲದೆ ನಿಂತಿದ್ದ ಆ ಯಂತ್ರವನ್ನು ಸುಮಾರು ನಾಲ್ಕು ದಿನಗಳಲ್ಲಿ ಐರ್ಲೆಂಡ್ ತಲುಪಿಸಿದರು. ಅದೇ ಯಂತ್ರದ ತಮ್ಮನನ್ನು ಹೊತ್ತ ನಾಟಿಲಸ್ 1955ರ ಜನವರಿ 17ರಂದು ಅಣುಶಕ್ತಿಯಿಂದ ಹೊರಟಿತು. 1958ರ ಆಗಸ್ಟ್ 3ರಂದು ಹಿಮದ ಕೆಳಗಿನಿಂದಲೇ ಉತ್ತರ ಧ್ರುವವನ್ನು ದಾಟಿತು. ಎರಡು ವರ್ಷಗಳ ನಂತರ ಟ್ರೈಟನ್ ಎಂಬ ಇನ್ನೊಂದು ಜಲಾಂತರ್ಗಾಮಿ ನೀರಿನೊಳಗೇ ಭೂಮಿಯನ್ನು ಒಂದು ಸುತ್ತು ಹಾಕಿತು. ನಾವೂ ಮೊದಲು ನೆಲದ ಮೇಲೆಯೇ, ಕಲ್ಪಾಕ್ಕಂನಲ್ಲಿ, ಮಾದರಿ ರಿಯಾಕ್ಟರನ್ನು ಓಡಿಸಿ ಕಲಿತೆವು.

ಒಲೆಯ ಕೆಲಸ ನಮ್ಮ ಜಿಲ್ಲೆಯವರಿಗೆ ಅಪರಿಚಿತವಲ್ಲ. ಕೂಡಗಿಯಲ್ಲಿ 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲು ಸುಟ್ಟು ನೀರು ಕಾಯಿಸುತ್ತಾರೆ, ಉಗಿ ಟರ್ಬೈನನ್ನು ತಿರುಗಿಸುತ್ತದೆ. ಅಣು ಜಲಾಂತರ್ಗಾಮಿಯಲ್ಲೂ ಆಗುವುದು ಅದೇ. ಕಲ್ಲಿದ್ದಲಿನ ಜಾಗದಲ್ಲಿ ಯುರೇನಿಯಂ ಇದೆ, ಅಷ್ಟೇ. ಆ ಅಷ್ಟೇ ಎಂಬುದರ ಅಳತೆ ನೋಡಿ: ಯುರೇನಿಯಂ-235 ಒಂದು ಕಿಲೋ ಪೂರ್ತಿ ಸೀಳಿದರೆ ಸುಮಾರು 3,000 ಟನ್ ಒಳ್ಳೆಯ ಕಲ್ಲಿದ್ದಲಿನಷ್ಟು ಶಾಖ ಬರುತ್ತದೆ. ಕಲ್ಲಿದ್ದಲು ತುಂಬಿಕೊಂಡು ಬರುವ ಉದ್ದನೆಯ ಗೂಡ್ಸ್ ರೈಲಿಗೆ ಸಮನಾದದ್ದು ಅಂಗೈಯಲ್ಲಿ ಹಿಡಿಯುವ ಒಂದು ಲೋಹದ ಗಟ್ಟಿ. ಅಮೆರಿಕದ ವರ್ಜೀನಿಯಾ ವರ್ಗದ ಜಲಾಂತರ್ಗಾಮಿಗಳಿಗೆ ಒಮ್ಮೆ ತುಂಬಿದ ಇಂಧನ ಅವುಗಳ 33 ವರ್ಷಗಳ ಆಯುಷ್ಯಕ್ಕೂ ಸಾಕು.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು.

ರಿಯಾಕ್ಟರಿನ ಮೂಲಕ ಹರಿಯುವ ನೀರು ಸುಮಾರು 300 ಡಿಗ್ರಿ ಕಾದಿರುತ್ತದೆ, ಆದರೂ ಕುದಿಯುವುದಿಲ್ಲ. ಕಾರಣ, ವಾತಾವರಣದ ಒತ್ತಡದ ನೂರೈವತ್ತು ಪಟ್ಟಿನ ಆಸುಪಾಸಿನಲ್ಲಿ ಅದನ್ನು ಅದುಮಿಟ್ಟಿರುತ್ತಾರೆ. ಅಡುಗೆ ಮನೆಯ ಕುಕ್ಕರ್ ಎರಡು ಪಟ್ಟು ಒತ್ತಡಕ್ಕೇ 120 ಡಿಗ್ರಿ ಮುಟ್ಟುತ್ತದೆ ಎಂಬುದನ್ನು ನೆನೆಸಿಕೊಂಡರೆ ಅಂದಾಜು ಸಿಗುತ್ತದೆ. ಈ ನೀರು ಕೊಳವೆಗಳ ಒಳಗೇ ಸುತ್ತಿ, ಹೊರಗಿನ ಬೇರೊಂದು ನೀರನ್ನು ಉಗಿ ಮಾಡುತ್ತದೆ. ಕುದಿನೀರಿನ ಪಾತ್ರೆಯಲ್ಲಿ ಇನ್ನೊಂದು ಪಾತ್ರೆ ಇಟ್ಟು ಬೆಣ್ಣೆ ಕರಗಿಸಿದಂತೆ: ಶಾಖ ದಾಟುತ್ತದೆ, ನೀರು ಬೆರೆಯುವುದಿಲ್ಲ.

ಆದರೆ ಆ ನೀರಿಗೆ ಇನ್ನೊಂದು ಕೆಲಸವಿದೆ. ಯುರೇನಿಯಂ ಪರಮಾಣು ಸೀಳಿದಾಗ ನ್ಯೂಟ್ರಾನ್ ಎಂಬ ಸೂಕ್ಷ್ಮ ಕಣಗಳು ಮಹಾವೇಗದಲ್ಲಿ ಸಿಡಿಯುತ್ತವೆ. ಇಷ್ಟು ವೇಗದ ನ್ಯೂಟ್ರಾನ್ ಮುಂದಿನ ಪರಮಾಣುವನ್ನು ಸುಲಭವಾಗಿ ಸೀಳುವುದಿಲ್ಲ, ನಿಧಾನವಾದದ್ದು ಸೀಳುತ್ತದೆ. ನಿಧಾನಗೊಳಿಸುವವರು ಯಾರು? ನೀರಿನಲ್ಲಿರುವ ಹೈಡ್ರೋಜನ್. ಗೋಲಿ ಆಡಿದವರಿಗೆ ಇದು ಗೊತ್ತು: ಗೋಲಿಯನ್ನು ಗೋಡೆಗೆ ಹೊಡೆದರೆ ಅದೇ ವೇಗದಲ್ಲಿ ಹಿಂದಿರುಗುತ್ತದೆ, ಅಷ್ಟೇ ತೂಕದ ಇನ್ನೊಂದು ಗೋಲಿಗೆ ನೇರವಾಗಿ ಹೊಡೆದರೆ ಅಲ್ಲೇ ನಿಲ್ಲುತ್ತದೆ. ನ್ಯೂಟ್ರಾನಿಗೂ ಹೈಡ್ರೋಜನ್ ಬೀಜಕ್ಕೂ ತೂಕ ಹೆಚ್ಚುಕಡಿಮೆ ಒಂದೇ.

ಜಲಾಂತರ್ಗಾಮಿಯ ಕ್ಯಾಪ್ಟನ್ ವೇಗ ಹೆಚ್ಚಿಸಲು ಹೇಳಿದರೆಂದುಕೊಳ್ಳಿ. ಟರ್ಬೈನ್ ಹೆಚ್ಚು ಉಗಿ ಎಳೆಯುತ್ತದೆ. ಹೆಚ್ಚು ಶಾಖ ಹೊರಗೆ ಹೋದದ್ದರಿಂದ ರಿಯಾಕ್ಟರಿಗೆ ಮರಳುವ ನೀರು ತುಸು ತಣ್ಣಗಾಗಿರುತ್ತದೆ. ತಣ್ಣನೆಯ ನೀರು ಒತ್ತೊತ್ತಾಗಿರುತ್ತದೆ, ಅಂದರೆ ಅಷ್ಟೇ ಜಾಗದಲ್ಲಿ ಹೆಚ್ಚು ಹೈಡ್ರೋಜನ್. ಹೆಚ್ಚು ನ್ಯೂಟ್ರಾನ್‌ಗಳು ನಿಧಾನಗೊಳ್ಳುತ್ತವೆ, ಹೆಚ್ಚು ಪರಮಾಣುಗಳು ಸೀಳುತ್ತವೆ, ಶಾಖ ಏರುತ್ತದೆ. ವೇಗ ಇಳಿಸಿದರೆ ಇದರ ಉಲ್ಟಾ: ನೀರು ಬಿಸಿಯಾಗಿ ಹಿಗ್ಗುತ್ತದೆ, ಹೈಡ್ರೋಜನ್ ವಿರಳವಾಗುತ್ತದೆ, ಒಲೆ ತಾನೇ ತಗ್ಗುತ್ತದೆ. ಬಂಡಿಗೆ ಭಾರ ಹೆಚ್ಚಾದರೆ ಬಾರುಕೋಲು ತೋರಿಸದೆಯೇ ಬಿಗಿಯಾಗಿ ಎಳೆಯುವ, ಇಳಿಜಾರಿನಲ್ಲಿ ತಾವೇ ಹಿಡಿದು ನಡೆಯುವ ಎತ್ತುಗಳ ಜೋಡಿಯನ್ನು ನೋಡಿದ್ದೀರಲ್ಲ? ಪಂಕ್ತಿ ಹೆಚ್ಚಿದಂತೆ ಯಾರೂ ಹೇಳದೆ ಅಕ್ಕಿ ಸುರಿಯುವ, ಕಡಿಮೆಯಾದಂತೆ ಉರಿ ತಗ್ಗಿಸುವ ಅಡುಗೆಯವನನ್ನು ನೋಡಿದ್ದೀರಲ್ಲ? ಇದು ಅಂಥ ಒಲೆ. ಯಾವ ಕಂಪ್ಯೂಟರ್ ಕೂಡ ಇಲ್ಲಿ ಆಜ್ಞೆ ಕೊಡುವುದಿಲ್ಲ. ನೀರು ಹಿಗ್ಗುವ, ಕುಗ್ಗುವ ಗುಣವೇ ಕಾವಲುಗಾರ.

ಹಾಗಾದರೆ ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಿಯಾಕ್ಟರ್ ಬಾಂಬಿನಂತೆ ಸಿಡಿಯುವುದಿಲ್ಲ, ಆದರೆ ನಿಂತ ಮೇಲೂ ಕೆಂಡದ ಹಾಗೆ ಶಾಖ ಬಿಡುತ್ತಲೇ ಇರುತ್ತದೆ. ತಂಪಿನ ನೀರು ತಪ್ಪಿದರೆ ಇಂಧನವೇ ಕರಗಬಹುದು. 1961ರ ಜುಲೈ 4ರಂದು ಸೋವಿಯತ್ ಜಲಾಂತರ್ಗಾಮಿ ಕೆ-19ರಲ್ಲಿ ತಂಪು ನೀರಿನ ವ್ಯವಸ್ಥೆ ಒಡೆದಾಗ ನಾವಿಕರು ರಿಯಾಕ್ಟರ್ ಕೋಣೆಗೆ ಇಳಿದು ಹೊಸ ಕೊಳವೆ ಬೆಸೆದರು. ಹಡಗು ಉಳಿಯಿತು. ಒಳಗೆ ಇಳಿದವರಲ್ಲಿ ಎಂಟು ಮಂದಿ ವಿಕಿರಣದಿಂದ ಕೆಲವೇ ವಾರಗಳಲ್ಲಿ ತೀರಿಕೊಂಡರು. 2000ದ ಆಗಸ್ಟ್‌ನಲ್ಲಿ 118 ಜನರೊಂದಿಗೆ ಮುಳುಗಿದ ರಷ್ಯಾದ ಕುರ್ಸ್ಕ್ ಕಥೆಯೇ ಬೇರೆ. ಅಲ್ಲಿ ಸಿಡಿದದ್ದು ಟಾರ್ಪೆಡೊ, ಅದರಲ್ಲಿದ್ದ ಹೈಡ್ರೋಜನ್ ಪೆರಾಕ್ಸೈಡ್ ಸೋರಿ. ರಿಯಾಕ್ಟರ್‌ಗಳು ಸುರಕ್ಷಿತವಾಗಿ ನಿಂತಿದ್ದವು. ಚಹಾ ಅಂಗಡಿಯ ಹಿರಿಯರಿಗೆ ನಾನು ಕೊಟ್ಟ ಉತ್ತರ ಇದೇ.

ಇನ್ನು ಹೊರೆಯ ಮಾತು. ಜಲಾಂತರ್ಗಾಮಿಗಳನ್ನು ಅವುಗಳ ಕೆಲಸದಿಂದ ಗುರುತಿಸಬೇಕು. ಮೊದಲನೆಯದು ಬೇಟೆಯದು, ಮುಧೋಳದ ಬೇಟೆನಾಯಿಯಂತೆ ತೆಳ್ಳನೆಯ ಒಡಲು, ಓಟದ ಜಾತಿ. ಶತ್ರುವಿನ ಹಡಗು ಮತ್ತು ಜಲಾಂತರ್ಗಾಮಿಗಳ ಬೆನ್ನು ಹತ್ತುವುದು, ತನ್ನ ಪಡೆಯ ಹಡಗುಗಳಿಗೆ ಕಾವಲು ಹೋಗುವುದು, ಕರಾವಳಿಯಲ್ಲಿ ಕದ್ದು ಕೇಳುವುದು ಇದರ ಕೆಲಸ. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟನ್ನಿನ ಕಾಂಕರರ್ ಒಂದು ದಿನಕ್ಕೂ ಹೆಚ್ಚು ಕಾಲ ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೊ ಯುದ್ಧನೌಕೆಯನ್ನು ಹಿಂಬಾಲಿಸಿ ಮುಳುಗಿಸಿತು. 323 ಜನ ಸತ್ತರು. ಅದಾದ ಮೇಲೆ ಅರ್ಜೆಂಟೀನಾದ ದೊಡ್ಡ ಹಡಗುಗಳು ತಮ್ಮ ದಡ ಬಿಟ್ಟು ಬರಲಿಲ್ಲ. ಕ್ರೂಸ್ ಕ್ಷಿಪಣಿಗಳನ್ನು ತುಂಬಿಕೊಂಡು ದೂರದಿಂದ ಹೊಡೆಯುವುದು ಮತ್ತೊಂದು ಬಗೆ. ಅಮೆರಿಕ ತನ್ನ ಒಹಾಯೊ ವರ್ಗದ ನಾಲ್ಕನ್ನು ಹೀಗೆ ಬದಲಾಯಿಸಿ ಪ್ರತಿಯೊಂದರಲ್ಲೂ 154 ಟೊಮಾಹಾಕ್ ಕ್ಷಿಪಣಿಗಳಿಗೆ ಜಾಗ ಮಾಡಿದೆ. ಕುರ್ಸ್ಕ್ ಕೂಡ ಈ ಬಗೆಯದೇ.

ಮೂರನೆಯದೇ ಅರಿಘಾತ್ ಮತ್ತು ಅದರ ಅಣ್ಣ ಅರಿಹಂತ್‌ನ ಜಾತಿ, ಅಣ್ವಸ್ತ್ರದ ಕ್ಷಿಪಣಿಗಳನ್ನು ಹೊತ್ತು ಅಡಗಿರುವಂಥದ್ದು. ನೋಡಲು ಭಯಂಕರ, ಆದರೆ ಇದು ಯಾರನ್ನೂ ಬೆನ್ನಟ್ಟುವುದಿಲ್ಲ. ಯಾರಾದರೂ ಹತ್ತಿರ ಬಂದರೆ ಸರಿದು ಹೋಗುವುದೇ ಇದರ ಶಿಸ್ತು. ಇದನ್ನು ವಿವರಿಸಲು ನಮ್ಮ ಹಗೇವಿಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ನೆಲದೊಳಗೆ ಗುಂಡಿ ತೋಡಿ, ಜೋಳ ತುಂಬಿ, ಮೇಲೆ ಮಣ್ಣು ಮುಚ್ಚಿ ಗುರುತು ಸಿಗದಂತೆ ಮಾಡುತ್ತಿದ್ದರು. ದಂಡು ಬಂದು ಮನೆ ದೋಚಿದರೂ ಊರು ಉಪವಾಸ ಬೀಳುತ್ತಿರಲಿಲ್ಲ. ತಾನಾಗಿ ಮೊದಲು ಅಣ್ವಸ್ತ್ರ ಬಳಸುವುದಿಲ್ಲ ಎನ್ನುವುದು ಭಾರತದ ಘೋಷಿತ ನೀತಿ. ಹಾಗೆ ಹೇಳುವ ದೇಶಕ್ಕೆ, ಮೊದಲ ಹೊಡೆತ ತಿಂದ ಮೇಲೂ ಉಳಿಯುವಂಥದ್ದೊಂದು ಬೇಕೇ ಬೇಕು. ವಿಮಾನ ನಿಲ್ದಾಣ, ನೆಲದ ಮೇಲಿನ ಕ್ಷಿಪಣಿ ಎಲ್ಲವೂ ಉಪಗ್ರಹಕ್ಕೆ ಕಾಣುತ್ತವೆ. ಸಾಗರದ ಒಡಲು ಕಾಣುವುದಿಲ್ಲ. 1969ರಿಂದ ಬ್ರಿಟನ್ ಇಂಥದ್ದೊಂದನ್ನಾದರೂ ಸದಾ ಸಮುದ್ರದಲ್ಲಿ ಇಟ್ಟಿದೆ. ಅದಕ್ಕಾಗಿ ನಾಲ್ಕನ್ನು ಸಾಕಬೇಕಾಗಿದೆ: ಒಂದು ಹೊರಗಿದ್ದರೆ ಉಳಿದವು ದುರಸ್ತಿಯಲ್ಲೋ ತಾಲೀಮಿನಲ್ಲೋ ಇರುತ್ತವೆ. ನಮ್ಮ ಅರಿಹಂತ್‌ನ 83 ಮೆಗಾವಾಟ್ ರಿಯಾಕ್ಟರ್ 2013ರ ಆಗಸ್ಟ್‌ನಲ್ಲಿ ಜೀವ ತಳೆಯಿತು, 2016ರಲ್ಲಿ ಹಡಗು ಸೇವೆಗೆ ಸೇರಿತು, 2018ರ ನವೆಂಬರ್‌ನಲ್ಲಿ ಮೊದಲ ಗಸ್ತು ಮುಗಿಸಿದ ಸುದ್ದಿ ಬಂತು. ಬೇಟೆಯ ಜಾತಿಯದನ್ನು ನಾವು ರಷ್ಯಾದಿಂದ ಗುತ್ತಿಗೆಗೆ ತಂದು ಚಕ್ರ ಎಂಬ ಹೆಸರಿಟ್ಟು ಬಳಸಿದ್ದೆವು. ಸ್ವಂತದ ಎರಡನ್ನು ಕಟ್ಟಲು 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ.

ಅಣುಶಕ್ತಿಯದು ಎಲ್ಲಕ್ಕಿಂತ ನಿಶ್ಶಬ್ದ ಎಂಬ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಬ್ಯಾಟರಿಯಲ್ಲಿ ಓಡುವ ಡೀಸೆಲ್ ಜಲಾಂತರ್ಗಾಮಿ ಇದಕ್ಕಿಂತ ಮೌನವಾಗಿರಬಲ್ಲದು. ಅಣು ಒಲೆಗೆ ಪಂಪು ಬೇಕು, ಟರ್ಬೈನು ಗುಂಯ್‌ಗುಡುತ್ತದೆ. ಆದ್ದರಿಂದಲೇ ಯಂತ್ರಗಳನ್ನು ರಬ್ಬರಿನ ಮೇಲೆ ಕೂರಿಸುತ್ತಾರೆ, ಒಡಲಿಗೂ ರಬ್ಬರಿನ ಹೆಂಚು ಹೊದಿಸುತ್ತಾರೆ. ಶಬ್ದದ ಬಗ್ಗೆ ಇಷ್ಟು ಹೆದರಿಕೆ ಏಕೆಂದು ಮಕ್ಕಳು ಕೇಳಿದಾಗ ನಾನು ಅವರನ್ನು ಮಲಿಕ್-ಎ-ಮೈದಾನ್ ತೋಪಿನ ಬಳಿ ಕರೆದೊಯ್ಯುತ್ತೇನೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ನಿನ ತೋಪು. ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂದು ನಮ್ಮವರು ಹೇಳುತ್ತ ಬಂದಿದ್ದಾರೆ. ಭೌತಶಾಸ್ತ್ರ ಈ ಮಾತನ್ನು ಒಪ್ಪುತ್ತದೆ: ಗಾಳಿಯಿಂದ ನೀರಿಗೆ ಶಬ್ದದ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಇಳಿಯುತ್ತದೆ, ಉಳಿದದ್ದು ಮೇಲಿನಿಂದಲೇ ಚಿಮ್ಮಿ ಹೋಗುತ್ತದೆ. ಆದರೆ ಶಬ್ದ ನೀರಿನೊಳಗೇ ಹುಟ್ಟಿದರೆ? ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ, ಸೆಕೆಂಡಿಗೆ ಸುಮಾರು 1,500 ಮೀಟರ್, ಬಹುದೂರ ಓಡುತ್ತದೆ. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬರ ಗುಸುಗುಸು ಎದುರು ಬದಿಯವರ ಕಿವಿಗೆ ಬೀಳುವಂತೆ, ಬಿಸಿ ಮತ್ತು ತಣ್ಣನೆಯ ನೀರಿನ ಪದರಗಳು ಶಬ್ದವನ್ನು ಬಾಗಿಸಿ ಎಲ್ಲಿಗೋ ಒಯ್ಯುತ್ತವೆ, ಎಲ್ಲೋ ನೆರಳು ಬೀಳಿಸುತ್ತವೆ. ಆ ನೆರಳು ಹುಡುಕಿ ನಿಲ್ಲುವುದೇ ಅಡಗುವವನ ಜಾಣ್ಮೆ.

ಉಸಿರಾಟಕ್ಕೆ ಸಮುದ್ರದ ನೀರನ್ನೇ ಶುದ್ಧಗೊಳಿಸಿ, ವಿದ್ಯುತ್ತಿನಿಂದ ಒಡೆದು ಆಮ್ಲಜನಕ ಪಡೆಯುತ್ತಾರೆ, ಕುಡಿಯುವ ನೀರನ್ನೂ ಅಲ್ಲೇ ಭಟ್ಟಿ ಇಳಿಸುತ್ತಾರೆ. ಮುಗಿಯುವುದು ದಿನಸಿ ಮಾತ್ರ. ಎರಡು ಮೂರು ತಿಂಗಳಿಗೆ ದಡ ಸೇರಲೇಬೇಕಾಗುವುದು ಊಟಕ್ಕಾಗಿ, ಇಂಧನಕ್ಕಾಗಿ ಅಲ್ಲ.

ಮಲಿಕ್-ಎ-ಮೈದಾನ್ ಬುರುಜಿನ ಮೆಟ್ಟಿಲು ಇಳಿಯುವಾಗ ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಅಷ್ಟು ದಿನ ಮನೆಯವರ ಜೊತೆ ಮಾತಾಡುವುದಿಲ್ಲವೇ?" ತಮಿಳುನಾಡಿನ ತಿರುನೆಲ್ವೇಲಿಯ ಬಳಿ ಐಎನ್‌ಎಸ್ ಕಟ್ಟಬೊಮ್ಮನ್ ಎಂಬ ನೌಕಾ ಕೇಂದ್ರವಿದೆ. ಅಲ್ಲಿನ ಎತ್ತರದ ಗೋಪುರಗಳಿಂದ ಬಹು ಕಡಿಮೆ ಕಂಪನಾಂಕದ ರೇಡಿಯೋ ಅಲೆಗಳು ಹೊರಡುತ್ತವೆ. ಸಾಮಾನ್ಯ ರೇಡಿಯೋ ಅಲೆ ಉಪ್ಪುನೀರಿನ ಮೇಲ್ಪದರದಲ್ಲೇ ಸಾಯುತ್ತದೆ. ಇವು ಕೆಲವು ಮೀಟರ್ ಕೆಳಗೆ ಇಳಿಯುತ್ತವೆ. ಧ್ವನಿ ಕಳಿಸಲಾಗದಷ್ಟು ನಿಧಾನ, ಒಂದೊಂದೇ ಅಕ್ಷರ. ಜಲಾಂತರ್ಗಾಮಿ ಕೇಳಿಸಿಕೊಳ್ಳುತ್ತದೆ, ಉತ್ತರ ಕೊಡುವುದಿಲ್ಲ; ಕೊಟ್ಟರೆ ಎಲ್ಲಿದೆಯೆಂದು ಗೊತ್ತಾಗಿಬಿಡುತ್ತದೆ. ಬ್ರಿಟನ್ನಿನ ನಾವಿಕರಿಗೆ ವಾರಕ್ಕೊಮ್ಮೆ ಮನೆಯಿಂದ ನೂರು ಚಿಲ್ಲರೆ ಪದಗಳ ಒಂದು ಸಂದೇಶ ಹೀಗೆ ತಲುಪುತ್ತಿತ್ತು ಎಂದು ಅವಳಿಗೆ ಹೇಳಿದೆ. ಅವಳು ಬುರುಜಿನ ಕೆಳಗೆ ಬರುವವರೆಗೂ ಬೆರಳು ಮಡಿಸುತ್ತ ಏನೋ ಎಣಿಸುತ್ತಿದ್ದಳು.