ಪಂಚೆಗೆ ನೀಲಿ ಜಾಸ್ತಿ ಆಯ್ತಾ?

‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಅನ್ನುತ್ತಾರೆ. ಕಣ್ಣಿನ ಡಾಕ್ಟರಾಗಿ ನನ್ನದೊಂದು ತಕರಾರಿದೆ. ಕಾಮಾಲೆಯಲ್ಲಿ ಹಳದಿಯಾಗುವುದು ಕಣ್ಣಿನ ಬಿಳಿಭಾಗ. ಬೆಳಕು ಒಳಗೆ ಹೋಗುವ ದಾರಿ ಅದಲ್ಲ, ಹಾಗಾಗಿ ರೋಗಿಗೆ ಸಾಮಾನ್ಯವಾಗಿ ಲೋಕವೇನೂ ಹಳದಿ ಕಾಣುವುದಿಲ್ಲ. ಆ ಗಾದೆ ನಿಜಕ್ಕೂ ಒಪ್ಪುವುದು ಪೊರೆ ಬಂದ ಕಣ್ಣಿಗೆ.

ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳದಿಗೆ, ಬರಬರುತ್ತ ಕಂದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಇದೆಲ್ಲ ವರ್ಷಗಟ್ಟಲೆ ಮೆಲ್ಲಗೆ ಆಗುವುದರಿಂದ ಮಿದುಳು ಹೊಂದಿಕೊಂಡುಬಿಡುತ್ತದೆ. ಬಿಳಿ ಬಿಳಿಯಾಗೇ ಇದೆ ಎಂದು ರೋಗಿ ಆಣೆ ಮಾಡಿ ಹೇಳುತ್ತಾರೆ. ಒಂದು ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ತಮಾಷೆ ಶುರು.

ಹೀಗೆ ಮರುಪರೀಕ್ಷೆಗೆ ಬಂದ ಹಿರಿಯರೊಬ್ಬರು ಕೂರುವ ಮೊದಲೇ ದೂರು ಕೊಟ್ಟರು. “ಡಾಕ್ಟ್ರೇ, ನಮ್ಮನೇಲಿ ಪಂಚೆಗೆ ನೀಲಿ ಸುರೀತಿದ್ದಾರೆ.”

“ಇಲ್ಲಪ್ಪ, ಅಮ್ಮ ಯಾವಾಗಲೂ ಹಾಕೋಷ್ಟೇ ಹಾಕಿರೋದು” ಅಂದ ಮಗ.

ಅವರು ಪಂಚೆಯ ಅಂಚು ಹಿಡಿದು ಒಂದು ಕಣ್ಣು ಮುಚ್ಚಿದರು, ಆಮೇಲೆ ಇನ್ನೊಂದು. “ಇದರಲ್ಲಿ ನೀಲಿ ಹೊಡೀತಿದೆ, ಇದರಲ್ಲಿ ಮಾಸಲು. ಯಾವ ಕಣ್ಣು ಸುಳ್ಳು ಹೇಳ್ತಿದೆ?”

ಎರಡೂ ಪೂರ್ತಿ ನಿಜ ಹೇಳುತ್ತಿಲ್ಲ. ಪೊರೆ ಬಂದ ಮಸೂರ ತೆಗೆದು ನಾವು ಹಾಕುವ ಲೆನ್ಸ್‌ಗಳಲ್ಲಿ ಕೆಲವಕ್ಕೆ ಬೇಕೆಂದೇ ತುಸು ಹಳದಿ ಛಾಯೆ ಕೊಟ್ಟಿರುತ್ತಾರೆ, ಕೆಲವು ತಿಳಿಯಾಗಿರುತ್ತವೆ. ಯಾವುದನ್ನು ಹಾಕಿದರೂ ಬೆಳಕು ಅದರ ಮೂಲಕವೇ ಬರಬೇಕು. ಆದರೆ ಬಕೆಟ್‌ಗೆ ಬಿದ್ದ ನೀಲಿಯ ಹನಿ ಬದಲಾಗಿಲ್ಲ, ಪಂಚೆಯಿಂದ ಹೊರಡುವ ಬೆಳಕೂ ಎರಡು ಕಣ್ಣಿಗೆ ಒಂದೇ. ‘ಅವರವರ ಕಣ್ಣಿಗೆ ಅವರವರ ಸತ್ಯ’ ಎನ್ನುವವರ ಜೊತೆ ನನಗೆ ಸರಿಹೋಗದಿರುವುದು ಇಲ್ಲೇ. ಕಾಣುವುದು ಬೇರೆ ಬೇರೆ, ಒಪ್ಪಿದೆ. ಬೇರೆ ಎಂದು ಗೊತ್ತಾದದ್ದಾದರೂ ಹೇಗೆ? ನಡುವೆ ಒಂದೇ ಪಂಚೆ ಇದ್ದದ್ದರಿಂದ.

ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಕಥೆಯೂ ಇಂಥದ್ದೇ. 1792ರಲ್ಲಿ ಜೆರೇನಿಯಂ ಹೂವೊಂದು ಅವರಿಗೆ ಹಗಲಲ್ಲಿ ಆಕಾಶನೀಲಿ, ಮೇಣದಬತ್ತಿ ಬೆಳಕಲ್ಲಿ ಕೆಂಪು ಕಂಡಿತು. ಗೆಳೆಯರನ್ನು ಕೇಳಿದರೆ, ಅಂಥ ವ್ಯತ್ಯಾಸವೇನೂ ಇಲ್ಲವಲ್ಲ ಎಂದರು. ಹೌದೆಂದದ್ದು ಅವರ ಅಣ್ಣನೊಬ್ಬನೇ. 1794ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರಬಂಧ ಓದಿದ ಡಾಲ್ಟನ್, ತಮ್ಮ ಕಣ್ಣೊಳಗಿನ ದ್ರವ ನೀಲಿಯಿರಬೇಕೆಂದು ಊಹಿಸಿದರು. ಸತ್ತ ಮೇಲೆ ಬಿಚ್ಚಿ ನೋಡಿ ಎಂದೂ ಹೇಳಿಟ್ಟರು. 1844ರಲ್ಲಿ ಅವರು ತೀರಿಕೊಂಡಾಗ ವೈದ್ಯರು ನೋಡಿದರೆ ದ್ರವ ತಿಳಿಯಾಗಿತ್ತು. ಉಳಿಸಿಟ್ಟಿದ್ದ ಕಣ್ಣಿನ ತುಣುಕಿನ ಡಿಎನ್‌ಎ ಪರೀಕ್ಷೆಯ ಫಲಿತಾಂಶ 1995ರಲ್ಲಿ ಹೊರಬಿತ್ತು: ಹಸಿರು ಬೆಳಕಿಗೆ ಹೆಚ್ಚು ಸ್ಪಂದಿಸುವ ವರ್ಣದ್ರವ್ಯದ ಜೀನ್ ಅವರಲ್ಲಿ ಇರಲಿಲ್ಲ. ಕಂಡದ್ದನ್ನು ಡಾಲ್ಟನ್ ಪ್ರಾಮಾಣಿಕವಾಗಿ ಹೇಳಿದ್ದರು, ಕಾರಣ ಮಾತ್ರ ಬೇರೆಯಿತ್ತು. ರೋಗಿಯ ಮಾತನ್ನು ನಂಬಿ, ಕಾರಣವನ್ನು ಬೇರೆ ಕಡೆ ಹುಡುಕುವುದು ನಮ್ಮ ಕ್ಲಿನಿಕ್ಕಿನ ರೂಢಿಯೂ ಹೌದು.

ಡಾಲ್ಟನ್‌ಗಿದ್ದಂಥ ಬಣ್ಣಗುರುಡನ್ನು ಪತ್ತೆಹಚ್ಚುವ ಬಣ್ಣದ ಚುಕ್ಕಿಗಳ ಪುಸ್ತಕವನ್ನು ನೀವು ನೋಡಿರಬಹುದು. ಜಪಾನಿನ ಶಿನೊಬು ಇಶಿಹರ 1917ರಲ್ಲಿ ಪ್ರಕಟಿಸಿದ್ದು. ರೈಲ್ವೆ ಮೆಡಿಕಲ್‌ಗೆ ಹೋದವರಿಗಂತೂ ಗೊತ್ತೇ ಇರುತ್ತದೆ. ಅದರ ಒಂದು ಹಾಳೆಯಲ್ಲಿ ಹೆಚ್ಚಿನವರು 74 ಓದುತ್ತಾರೆ. ಕೆಂಪು–ಹಸಿರು ಗೊಂದಲವಿರುವವರು ಓದುವುದು 21. ಬಾಯಿಗೆ ಬಂದದ್ದಲ್ಲ, ಊರು ಯಾವುದಾದರೂ ಅದೇ 21. ತಪ್ಪಿಗೂ ಒಂದು ಲೆಕ್ಕವಿದೆ. ಏಕೆಂದರೆ ಹಾಳೆಯೂ ಒಂದೇ, ಕಣ್ಣಿನಲ್ಲಿ ಕೊರತೆಯಾದದ್ದೂ ಒಂದೇ.

ಮುಂದಿನ ಕೆಲವು ಹಾಳೆಗಳು ನನಗೆ ಇನ್ನೂ ಇಷ್ಟ. ಅಲ್ಲಿ ಅಂಕಿ ಕಾಣುವುದು ಬಣ್ಣಗುರುಡು ಇರುವ ಹಲವರಿಗೆ ಮಾತ್ರ. ಮೊನ್ನೆ ಒಬ್ಬ ಹುಡುಗ ಅದನ್ನು ನೋಡಿದವನೇ “ನಲವತ್ತೈದು” ಅಂದ. ಪಕ್ಕದಲ್ಲಿ ಕೂತಿದ್ದ ಅವನ ತಾಯಿ “ಎಲ್ಲೋ ಇದೆ ನಲವತ್ತೈದು?” ಎಂದು ಗದರಿದರು. ಸರಿಯಾಗಿ ನೋಡಿದರೂ ನನಗೆ ಕಂಡದ್ದು ಬರೀ ಚುಕ್ಕಿ. ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ತಿಳಿಯಲು ನಾನು ಉತ್ತರದ ಪಟ್ಟಿ ನೋಡಬೇಕಾಯಿತು. 45 ಎಂದೇ ಇತ್ತು.