ಆ ಕಾಡು ಹುಡುಗ ಕೊನೆಗೂ ಮಾತು ಕಲಿತನಾ?

ಕಾಡಲ್ಲಿ ಒಬ್ಬನೇ ಬೆಳೆದ ಹುಡುಗನಿಗೆ ಡಾಕ್ಟರೊಬ್ಬರು ಮಾತು ಕಲಿಸಲು ಹೊರಡುವ ಕಥೆ, ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೋ 1970ರಲ್ಲಿ ತೆಗೆದ ‘ದಿ ವೈಲ್ಡ್ ಚೈಲ್ಡ್’ ಸಿನಿಮಾ ನೋಡಿ ಮುಗಿಸಿದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಓಡಿಹೋದ ಹುಡುಗ ತಾನಾಗೇ ಮನೆಗೆ ವಾಪಸ್ ಬರುತ್ತಾನೆ, ಇನ್ನು ಮತ್ತೆ ಪಾಠ ಶುರು ಅನ್ನುವಷ್ಟಕ್ಕೆ ಸಿನಿಮಾ ನಿಂತುಬಿಡುತ್ತದೆ. ಆಮೇಲೆ?

ಇಲ್ಲ, ಕಲಿಯಲಿಲ್ಲ.

ಈ ಹುಡುಗ ನಿಜವಾಗಿ ಇದ್ದವನು. 1800ರ ಜನವರಿಯಲ್ಲಿ ದಕ್ಷಿಣ ಫ್ರಾನ್ಸಿನ ಅವೇರೋಂ ಸೀಮೆಯಲ್ಲಿ ಸಿಕ್ಕಾಗ ಅವನಿಗೆ ಸುಮಾರು 12 ವರ್ಷ. ಪ್ಯಾರಿಸ್‌ಗೆ ಕರೆತಂದು ಕಿವುಡ ಮಕ್ಕಳ ಶಾಲೆಯಲ್ಲಿ ಇಟ್ಟರು. ಆಗಿನ ದೊಡ್ಡ ವೈದ್ಯ ಪಿನೆಲ್, ಇವನು ಬುದ್ಧಿಮಾಂದ್ಯ, ಸುಧಾರಿಸುವುದಿಲ್ಲ ಅಂದುಬಿಟ್ಟರು. ಇನ್ನೂ 30 ದಾಟದ ಡಾಕ್ಟರ್ ಇಟಾರ್ ಅದನ್ನು ಒಪ್ಪಲಿಲ್ಲ. ‘ಓ’ ಅಂದರೆ ಹುಡುಗ ತಿರುಗಿ ನೋಡುತ್ತಿದ್ದ, ಅದಕ್ಕೇ ವಿಕ್ತೋರ್ ಅಂತ ಹೆಸರಿಟ್ಟರು.

ಸಿನಿಮಾ ಬಹುಪಾಲು ಇಟಾರ್ ಬರೆದ ಎರಡು ವರದಿಗಳನ್ನೇ ಹಿಡಿದು ಹೋಗುತ್ತದೆ. ಇಟಾರ್ ಪಾತ್ರ ಮಾಡಿದ್ದೂ ತ್ರುಫೋನೇ. ಒಂದು ದೊಡ್ಡ ಬದಲಾವಣೆ ಇದೆ: ತೆರೆ ಮೇಲೆ ಇಟಾರ್ ಹುಡುಗನನ್ನು ತನ್ನ ಮನೆಗೇ ಕರೆದೊಯ್ಯುತ್ತಾರೆ, ನಿಜದಲ್ಲಿ ವಿಕ್ತೋರ್ ಇದ್ದದ್ದು ಶಾಲೆಯಲ್ಲೇ, ನೋಡಿಕೊಂಡಿದ್ದು ಮದಾಂ ಗೆರಾಂ.

ಹಾಲಿಗೆ ಫ್ರೆಂಚಿನಲ್ಲಿ ‘ಲೆ’ (lait) ಅನ್ನುವುದನ್ನು ಕಲಿತ, ಆದರೆ ಹಾಲು ಕೈಗೆ ಬಂದಮೇಲೆ ಖುಷಿಗೆ ಅನ್ನುತ್ತಿದ್ದನೇ ಹೊರತು ಬೇಕು ಅಂತ ಕೇಳಲಿಕ್ಕೆ ಅಲ್ಲ, ಇಟಾರ್‌ಗೆ ಬೇಜಾರಾಗಿದ್ದು ಇಲ್ಲೇ. ಆದರೆ ಅದೇ ಹುಡುಗ ಒಂದು ದಿನ ಬೇರೆಯವರ ಮನೆಗೆ ಹೋಗುವಾಗ ಪಾಠಕ್ಕೆ ಬಳಸುತ್ತಿದ್ದ ಬಿಡಿ ಅಕ್ಷರಗಳಲ್ಲಿ ಆ ಪದದವನ್ನು ಜೇಬಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿಬಿಟ್ಟ! ನನ್ನ ಪ್ರಕಾರ ಇದು ಭಾಷೆಯೇ, ಬಾಯಿಂದ ಬರಲಿಲ್ಲ ಅಷ್ಟೇ.

ಐದಾರು ವರ್ಷ ಹೆಣಗಿ 1806ರ ಹೊತ್ತಿಗೆ ಇಟಾರ್ ಪಾಠ ನಿಲ್ಲಿಸಿದರು. ಆಮೇಲೆ ವಿಕ್ತೋರ್ ಶಾಲೆಯ ಹತ್ತಿರವೇ ಒಂದು ಮನೆಯಲ್ಲಿ ಮದಾಂ ಗೆರಾಂ ಜೊತೆ ಇದ್ದ. ಖರ್ಚಿಗೆ ಸರ್ಕಾರ ಆಕೆಗೆ ವರ್ಷಕ್ಕೆ 150 ಫ್ರಾಂಕ್ ಕೊಡುತ್ತಿತ್ತು. 1828ರಲ್ಲಿ, ಸುಮಾರು 40ರ ವಯಸ್ಸಿಗೆ ತೀರಿಕೊಂಡ.

ಇದರಲ್ಲಿ ಸಿಟ್ಟು ಬರುವ ಸಂಗತಿ ಒಂದಿದೆ. ಸುತ್ತಮುತ್ತ ಮಕ್ಕಳೆಲ್ಲ ಕೈಸನ್ನೆಯಲ್ಲಿ ಹರಟುತ್ತಿದ್ದ ಶಾಲೆ ಅದು, ವಿಕ್ತೋರ್ ಕೂಡ ತನಗೆ ಬೇಕಾದ್ದನ್ನು ಸನ್ನೆಯಲ್ಲೇ ಹೇಳುತ್ತಿದ್ದ. ಆದರೂ ಇಟಾರ್ ಬಾಯಿಮಾತೇ ಬರಬೇಕು ಅಂತ ಹಟ ಹಿಡಿದರು, ಸನ್ನೆ ಭಾಷೆಯನ್ನು ಕಲಿಸಲೇ ಇಲ್ಲ.